ಪಾದಯಾತ್ರಿಗಳಿಗೆ ಹಗುರ ಹಾಸಿಗೆ: ಗಾಳಿ ತುಂಬುವ ಪ್ಯಾಡ್ ಕೊಳ್ಳುವ ಬಗೆ

ಪಾದಯಾತ್ರೆಗೆ ಹೊರಡುವ ಭಕ್ತಾದಿಗಳು ಮನೆಯಲ್ಲಿ ಮೊದಲು ಯೋಚಿಸುವುದು ಕಾಲಿನ ಬಗ್ಗೆ. ಚಪ್ಪಲಿ ಯಾವುದು, ಬೊಬ್ಬೆ ಎದ್ದರೆ ಏನು ಹಚ್ಚಬೇಕು, ದಿನಕ್ಕೆ ಎಷ್ಟು ದೂರ ನಡೆಯಬಹುದು. ಆಮೇಲೆ ಊಟದ ಬಗ್ಗೆ. ಮಲಗುವ ವಿಚಾರ ಬಂದಾಗ ಮಾತ್ರ "ಎಲ್ಲೋ ಒಂದು ಕಡೆ ಬಿದ್ದುಕೊಂಡರಾಯ್ತು, ಸ್ವಾಮಿ ನೋಡ್ಕೋತಾನೆ" ಅಂತ ಮುಗಿಸಿಬಿಡುತ್ತಾರೆ. ಮೊದಲ ರಾತ್ರಿ ದಣಿವಿಗೆ ಹೇಗೋ ನಿದ್ದೆ ಬರುತ್ತದೆ. ತೊಂದರೆ ಶುರುವಾಗುವುದು ಎರಡನೆಯ ರಾತ್ರಿ. ಶಾಲೆಯ ಜಗಲಿ, ಛತ್ರದ ಕಡಪ ಕಲ್ಲಿನ ನೆಲ, ಕೊಯ್ಲಾದ ಹೊಲ, ಎಲ್ಲಿ ಮಲಗಿದರೂ ನಡುರಾತ್ರಿ ಸೊಂಟ ಹಿಡಿದುಕೊಂಡು ಎಚ್ಚರವಾಗುತ್ತದೆ. ಮೇಲೆ ಎರಡು ಹೊದಿಕೆ ಇದ್ದರೂ ಚಳಿ ಹೋಗುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗುಂಪು ಹೊರಟಾಗ ಅವರಿಗೆ ಏಳಲಿಕ್ಕೇ ಆಗುವುದಿಲ್ಲ. ಹರಕೆ ಹೊತ್ತು ಹೊರಟವರು ಅರ್ಧ ದಾರಿಯಲ್ಲಿ ಬಸ್ಸು ಹತ್ತುವುದಕ್ಕೆ ಕಾಲುನೋವೊಂದೇ ಕಾರಣವಲ್ಲ, ನಿದ್ದೆಗೆಟ್ಟಿದ್ದೂ ಒಂದು ಕಾರಣ.

ಈಚಿನ ವರ್ಷಗಳಲ್ಲಿ ಚಾರಣದ ಸಾಮಾನು ಮಾರುವ ಅಂಗಡಿಗಳು ಬೆಂಗಳೂರಿನಲ್ಲಷ್ಟೇ ಅಲ್ಲದೆ ಬೇರೆ ಊರುಗಳಲ್ಲೂ ಬಂದಿವೆ. ಅಲ್ಲಿ 'ಸ್ಲೀಪಿಂಗ್ ಪ್ಯಾಡ್', 'ಏರ್ ಮ್ಯಾಟ್' ಎಂಬ ಹೆಸರಿನಲ್ಲಿ ಗಾಳಿ ತುಂಬುವ ಹಾಸಿಗೆ ಸಿಗುತ್ತದೆ. ಮಡಿಸಿದರೆ ಒಂದು ಲೀಟರಿನ ನೀರಿನ ಬಾಟಲಿಯಷ್ಟಾಗುತ್ತದೆ, ಊದಿದರೆ ಆಳುದ್ದದ ಹಾಸಿಗೆಯಾಗುತ್ತದೆ. ನೋಡಿದವರಿಗೆ ಆಸೆಯಾಗುವುದು ಸಹಜ. ಆದರೆ ಬೆಲೆ ಸಾವಿರ ಚಿಲ್ಲರೆಯಿಂದ ಹಿಡಿದು ಹದಿನೈದು ಸಾವಿರ ದಾಟುವವರೆಗೂ ಇದೆ. ಯಾವುದನ್ನು ಕೊಳ್ಳಬೇಕು, ಯಾರಿಗೆ ಕೊಳ್ಳಬೇಕು, ಯಾರಿಗೆ ಬೇಡವೇ ಬೇಡ ಎಂಬುದನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ನಿದ್ದೆಯೂ ಬರುತ್ತದೆ.

ಚಳಿ ಬರುವುದು ಕೆಳಗಿನಿಂದ

ಹಳ್ಳಿಯಲ್ಲಿ ಹಿರಿಯರು ಕಣದಲ್ಲಿ ಕಾವಲು ಮಲಗುವಾಗ ಏನು ಮಾಡುತ್ತಿದ್ದರು ಎಂಬುದನ್ನು ನೆನಪು ಮಾಡಿಕೊಳ್ಳಬೇಕು. ಮೊದಲು ಒಂದಷ್ಟು ಹುಲ್ಲು ಹರಡುತ್ತಿದ್ದರು. ಅದರ ಮೇಲೆ ಗೋಣಿ ತಾಟು ಅಥವಾ ಚಾಪೆ. ಅದರ ಮೇಲೆ ಕಂಬಳಿ. ಹೊದೆಯಲಿಕ್ಕೆ ಇನ್ನೊಂದು ಕಂಬಳಿ ಇದ್ದರೆ ಇತ್ತು, ಇಲ್ಲಾಂದ್ರೆ ಇಲ್ಲ. ಕೆಳಗಿನ ಹುಲ್ಲನ್ನು ಮಾತ್ರ ಬಿಡುತ್ತಿರಲಿಲ್ಲ. ಇದರ ಹಿಂದೆ ಸರಿಯಾದ ಕಾರಣವಿದೆ.

ಮನುಷ್ಯನ ಮೈ ಒಲೆಯ ಹಾಗೆ ಸದಾ ಬಿಸಿ ಹೊರಡಿಸುತ್ತಿರುತ್ತದೆ. ತಣ್ಣನೆಯ ನೆಲಕ್ಕೆ ಮೈ ತಾಗಿದರೆ ಆ ಬಿಸಿ ನೇರವಾಗಿ ನೆಲಕ್ಕೆ ಇಳಿದುಹೋಗುತ್ತದೆ. ಕಲ್ಲು, ಸಿಮೆಂಟು, ಒದ್ದೆ ಮಣ್ಣು ಇವು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತವೆ. ಇದನ್ನು ತಡೆಯುವುದು ಬಟ್ಟೆಯಲ್ಲ, ಅಲುಗಾಡದೆ ನಿಂತ ಗಾಳಿ. ಹುಲ್ಲಿನ ಕಡ್ಡಿಗಳ ನಡುವೆ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ತಡೆ. ದಪ್ಪ ಹೊದಿಕೆಯನ್ನು ಮಡಿಸಿ ಕೆಳಗೆ ಹಾಸಿಕೊಂಡರೆ ಮೈಭಾರಕ್ಕೆ ಅದು ಅಪ್ಪಚ್ಚಿಯಾಗಿ ಒಳಗಿನ ಗಾಳಿ ಹೊರಟುಹೋಗುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗಿನ ಕಥೆಯೂ ಇಷ್ಟೇ. ಅದರ ಮೇಲ್ಭಾಗ ಉಬ್ಬಿಕೊಂಡು ಬೆಚ್ಚಗಿರುತ್ತದೆ, ಬೆನ್ನಿನ ಕೆಳಗಿನ ಭಾಗ ಚಪ್ಪಟೆಯಾಗಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಗಾಳಿಯೇ ತುಂಬಿದ ಹಾಸಿಗೆ ಎಲ್ಲಕ್ಕಿಂತ ಬೆಚ್ಚಗಿರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಬಹಳ ಜನ ಮೋಸ ಹೋಗುವುದು ಇಲ್ಲೇ. ಮೂರು ಅಂಗುಲ ದಪ್ಪದ ಹಾಸಿಗೆಯೊಳಗೆ ಏನೂ ಇಲ್ಲದೆ ಬರೀ ಗಾಳಿಯಿದ್ದರೆ ಆ ಗಾಳಿ ಸುಮ್ಮನಿರುವುದಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಅತ್ತಿತ್ತ ಓಡಾಡುತ್ತದೆ, ಮೈಯ ಬಿಸಿಯನ್ನು ಹೊತ್ತುಕೊಂಡು ಕೆಳಗಿನ ತಣ್ಣನೆಯ ಪದರಕ್ಕೆ ಕೊಟ್ಟು ಬರುತ್ತದೆ. ಹೀಗಾಗಿ ಮೂರು ಅಂಗುಲದ ಬರೀ ಗಾಳಿಯ ಹಾಸಿಗೆಗಿಂತ ಒಂದು ಅಂಗುಲವೂ ಇಲ್ಲದ ಒಳ್ಳೆಯ ಫೋಮ್ ಹಾಸು ಹೆಚ್ಚು ಬೆಚ್ಚಗಿರಬಹುದು. ಫೋಮಿನಲ್ಲಿ ಗಾಳಿ ಸಾವಿರಾರು ಸಣ್ಣ ಗುಳ್ಳೆಗಳಲ್ಲಿ ಬಂದಿಯಾಗಿರುತ್ತದೆ, ಓಡಾಡಲಿಕ್ಕೆ ದಾರಿಯಿಲ್ಲ. ಒಳ್ಳೆಯ ಗಾಳಿ ಹಾಸಿಗೆಗಳಲ್ಲಿ ಈ ಓಡಾಟ ತಡೆಯಲು ಒಳಗೆ ತೆಳು ಹತ್ತಿಯಂಥ ಕೃತಕ ನಾರನ್ನೋ ಬೆಳ್ಳಿಬಣ್ಣದ ಹಾಳೆಗಳನ್ನೋ ಇಟ್ಟಿರುತ್ತಾರೆ. ಬೆಲೆ ಏರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅಂಗಡಿಯಲ್ಲಿ ಬೆರಳಿಂದ ಒತ್ತಿ "ಎಷ್ಟು ದಪ್ಪ ಇದೆ" ಅಂತ ನೋಡುವುದರಿಂದ ಈ ಗುಣ ತಿಳಿಯುವುದಿಲ್ಲ.

ಆರ್-ವ್ಯಾಲ್ಯೂ ಎಂಬ ಅಂಕೆ

ಹಾಸಿಗೆಯ ಡಬ್ಬಿಯ ಮೇಲೆ 'ಆರ್-ವ್ಯಾಲ್ಯೂ' ಎಂಬ ಅಂಕೆ ಇರುತ್ತದೆ, ಇರಬೇಕು. ನೆಲದ ತಣ್ಪನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಇದು. ಅಂಕೆ ಹೆಚ್ಚಾದಷ್ಟೂ ಬೆಚ್ಚಗೆ. ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿ ಅಳೆದು ತನಗೆ ತೋಚಿದ ಅಂಕೆ ಹಾಕುತ್ತಿತ್ತು. 2018ರಲ್ಲಿ ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ ಎಫ್-3340 ಎಂಬ ಒಂದೇ ಪರೀಕ್ಷಾ ಕ್ರಮವನ್ನು ಗೊತ್ತುಮಾಡಿತು. ಒಂದು ಬಿಸಿ ಫಲಕ, ಒಂದು ತಣ್ಣನೆಯ ಫಲಕ, ನಡುವೆ ಊದಿದ ಹಾಸಿಗೆ. ಬಿಸಿ ಫಲಕವನ್ನು ಬಿಸಿಯಾಗಿಯೇ ಉಳಿಸಲು ಎಷ್ಟು ವಿದ್ಯುತ್ ಬೇಕಾಯಿತು ಎಂದು ಲೆಕ್ಕ ಹಾಕುತ್ತಾರೆ. ಡಬ್ಬಿಯ ಮೇಲೆ ಈ ಪರೀಕ್ಷೆಯ ಹೆಸರಿದ್ದರೆ ಅಂಕೆಯನ್ನು ನಂಬಬಹುದು. ಎರಡು ಸಾವಿರದ ಹಾಸಿಗೆಗೆ ಪರೀಕ್ಷೆಯ ಹೆಸರಿಲ್ಲದೆ ಐದು, ಆರು ಎಂದು ಅಂಕೆ ಹಾಕಿದ್ದರೆ, ಒಳಗೆ ನಾರು ಅಥವಾ ಹಾಳೆ ಇದೆಯೇ ಎಂದು ಕೇಳಬೇಕು. ಇಲ್ಲ ಎಂದರೆ ಆ ಅಂಕೆಗೆ ಬೆಲೆ ಇಲ್ಲ.

ಬಯಲುಸೀಮೆಯ ಬೇಸಿಗೆ ರಾತ್ರಿಗೆ 1ರಿಂದ 2 ಸಾಕು. ಕಾರ್ತಿಕ, ಮಾಘ ಮಾಸದ ರಾತ್ರಿಗೆ, ಬೆಟ್ಟದ ತಪ್ಪಲಿಗೆ, ಕಲ್ಲುನೆಲಕ್ಕೆ 2ರಿಂದ 4ರ ನಡುವೆ ಇರಬೇಕು. ಹಿಮಾಲಯದ ಯಾತ್ರೆಯಲ್ಲಿ ಸ್ವಂತ ಗುಡಾರದಲ್ಲಿ ಮಲಗುವವರಿಗೆ 4ಕ್ಕಿಂತ ಮೇಲೆ. ವಯಸ್ಸಾದವರು, ಸಣ್ಣ ಮೈಯವರು, ಬೇಗ ಚಳಿ ಹತ್ತುವವರು ಇವುಗಳಿಗೆ ಒಂದು ಸೇರಿಸಿಕೊಂಡರೆ ಒಳ್ಳೆಯದು.

ಬಡವರಿಗೆ ವರವಾಗಿರುವ ಸಂಗತಿ ಇನ್ನೊಂದಿದೆ. ಈ ಅಂಕೆಗಳನ್ನು ಕೂಡಿಸಬಹುದು. 2 ಅಂಕೆಯ ಫೋಮ್ ಹಾಸಿನ ಮೇಲೆ ಒಂದೂವರೆ ಅಂಕೆಯ ಅಗ್ಗದ ಗಾಳಿ ಹಾಸಿಗೆ ಹಾಕಿದರೆ ಒಟ್ಟು ಮೂರೂವರೆ ಆಯಿತು. ದುಬಾರಿ ಹಾಸಿಗೆಯೊಂದು ಕೊಡುವ ಬೆಚ್ಚನೆಯನ್ನು ಎರಡು ಅಗ್ಗದ ಹಾಸುಗಳು ಸೇರಿ ಕೊಡುತ್ತವೆ. ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಕಂಬಳಿ ಹಾಸಿದ ಹಿರಿಯರ ಲೆಕ್ಕವೂ ಇದೇ.

ಅಂಗಡಿಯಲ್ಲಿ ಸಿಗುವ ಬಗೆಗಳು

ಮೊದಲನೆಯದು ಬರೀ ಫೋಮ್ ಹಾಸು. ಯೋಗಾಸನಕ್ಕೆ ಹಾಸುವ ಮ್ಯಾಟಿನ ಜಾತಿಯದು, ಆದರೆ ಅದಕ್ಕಿಂತ ದಪ್ಪ, ಹಗುರ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತೂಕ ಅರ್ಧ ಕಿಲೋ ಒಳಗೆ. ಮುಳ್ಳು ಚುಚ್ಚಿದರೂ ಏನಾಗುವುದಿಲ್ಲ, ಹತ್ತು ವರ್ಷ ಬಾಳುತ್ತದೆ. ಚೀಲದ ಹೊರಗೆ ಸುತ್ತಿ ಕಟ್ಟಬೇಕು, ಜಾಗ ಹಿಡಿಯುತ್ತದೆ. ಕಲ್ಲಿನ ಉಬ್ಬು ಸ್ವಲ್ಪ ಒತ್ತುತ್ತದೆ. ಇಪ್ಪತ್ತು, ಮೂವತ್ತರ ಹರೆಯದವರಿಗೆ ಇದಿಷ್ಟೇ ಸಾಕು. ಅವರು ಗಾಳಿ ಹಾಸಿಗೆಗೆ ದುಡ್ಡು ಹಾಕುವುದು ಶೋಕಿ ಅಷ್ಟೇ.

ಎರಡನೆಯದು ಒಳಗೆ ಮೆತ್ತನೆಯ ಸ್ಪಂಜು ಇದ್ದು, ಮುಚ್ಚಳ ತೆಗೆದರೆ ತಾನಾಗಿ ಗಾಳಿ ಎಳೆದುಕೊಂಡು ಉಬ್ಬುವ ಹಾಸಿಗೆ. ಇದರ ಹುಟ್ಟಿನ ಕಥೆ ಚೆನ್ನಾಗಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದ ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಜಿಮ್ ಲೀ, ನೀಲ್ ಆಂಡರ್ಸನ್ ಎಂಬ ಇಬ್ಬರು ಇಂಜಿನಿಯರುಗಳು, ಬೆಟ್ಟ ಹತ್ತುವ ಇನ್ನೊಬ್ಬ ಸ್ನೇಹಿತನ ಜೊತೆ ಸೇರಿ, ನೆಲದ ಮೇಲೆ ಸುಖವಾಗಿ ಮಲಗುವ ಉಪಾಯ ಹುಡುಕಿದರು. ತೋಟದ ಕೆಲಸದವರು ಮೊಣಕಾಲ ಕೆಳಗೆ ಹಾಕಿಕೊಳ್ಳುವ ಸ್ಪಂಜಿನ ದಿಂಬಿನಿಂದ ಅವರಿಗೆ ಈ ಯೋಚನೆ ಹೊಳೆಯಿತಂತೆ. ಥರ್ಮ್-ಎ-ರೆಸ್ಟ್ ಎಂಬ ಹೆಸರಿನ ಹಾಸಿಗೆ ಹುಟ್ಟಿದ್ದು ಹೀಗೆ. ಈ ಬಗೆ ಬೆಚ್ಚಗಿರುತ್ತದೆ, ಗಟ್ಟಿಯಾಗಿಯೂ ಇರುತ್ತದೆ, ಆದರೆ ತೂಕ ಸುಮಾರಾಗಿ ಮುಕ್ಕಾಲು ಕಿಲೋದಿಂದ ಒಂದೂವರೆ ಕಿಲೋವರೆಗೆ. ಗುಂಪಿನ ಸಾಮಾನು ಹೊರಲು ಟೆಂಪೋ ಜೊತೆಗೆ ಬರುವುದಾದರೆ ಮನೆಯ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮೂರನೆಯದೇ ಬರೀ ಗಾಳಿ ತುಂಬುವ ಪ್ಯಾಡ್. ಕೊಳ್ಳುವವರು ಇದರ ಬಟ್ಟೆಯನ್ನು ಗಮನಿಸಬೇಕು. ಮಕ್ಕಳ ಈಜುಕೊಳದ ಹಾಸಿಗೆಯಂಥ ದಪ್ಪ ಪಿ.ವಿ.ಸಿ. ಪ್ಲಾಸ್ಟಿಕ್ಕಿನದಾದರೆ ಅಗ್ಗ, ಆದರೆ ಭಾರ. ಚಳಿಯಲ್ಲಿ ಪೆಡಸಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಗೆ ಒಳಗಡೆ ಟಿ.ಪಿ.ಯು. ಲೇಪ ಕೊಟ್ಟಿರುವುದು ಹಗುರ ಮತ್ತು ಬಾಳಿಕೆ. ಬಟ್ಟೆಯ ದಪ್ಪವನ್ನು 'ಡೀನಿಯರ್' ಎಂದು ಹೇಳುತ್ತಾರೆ. 20ರ ಬಟ್ಟೆ ತೀರಾ ನಾಜೂಕು. ಜಾಲಿಮುಳ್ಳಿನ ನಮ್ಮ ನೆಲಕ್ಕೆ 40 ಅಥವಾ ಅದಕ್ಕೂ ಮೇಲಿನದು ವಾಸಿ, ನೂರು ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ಒಟ್ಟು ತೂಕ ಐನೂರರಿಂದ ಏಳುನೂರು ಗ್ರಾಂ ಇದ್ದರೆ ಬೆನ್ನಿಗೆ ಹೊರೆಯಾಗುವುದಿಲ್ಲ.

ಗಾಳಿ ತುಂಬುವ ಬಾಯಿ ಚಪ್ಪಟೆಯಾಗಿ, ಒಳಗೆ ಹೋದ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ನಾಲಿಗೆ ಇರುವಂಥದಾಗಿರಬೇಕು. ಅಂಗಡಿಯವನ ಮುಂದೆಯೇ ಒಮ್ಮೆ ಊದಿ, ಬಾಯಿ ತೆಗೆದು ನೋಡಬಹುದು. ಬುಸ್ಸೆಂದು ಗಾಳಿ ಹೋದರೆ ಬೇಡ. ಕಾಲಲ್ಲಿ ತುಳಿದು ಊದುವ ಪಂಪು ಹಾಸಿಗೆಯಲ್ಲೇ ಸೇರಿರುವ ಬಗೆಯೂ ಬಂದಿದೆ. ಉಬ್ಬಸ ಇರುವವರಿಗೆ, ವಯಸ್ಸಾದವರಿಗೆ ಇದು ಅನುಕೂಲ. ಆದರೆ ಕೆಡುವ ಜಾಗ ಇನ್ನೊಂದು ಹೆಚ್ಚಾಯಿತು ಎಂಬುದೂ ನಿಜ.

ಉದ್ದ ಸಾಮಾನ್ಯವಾಗಿ 183 ಸೆಂಟಿಮೀಟರ್, ಅಗಲ 51 ಸೆಂಟಿಮೀಟರ್, ಅಂದರೆ ಆರಡಿಗೆ ಇಪ್ಪತ್ತು ಅಂಗುಲ. ಅಂಗಾತ ಮಲಗುವವರಿಗೆ ಎರಡು ಅಂಗುಲ ದಪ್ಪ ಸಾಕು. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆಯ ಮೇಲೆ ಬೀಳುವುದರಿಂದ ಅವರಿಗೆ ಮೂರು ಅಂಗುಲ ಬೇಕು. ಕಲ್ಲಿನಂತೆ ಗಟ್ಟಿಯಾಗಿ ಊದಿ ಮಲಗಿ "ಇದಕ್ಕಿಂತ ನೆಲವೇ ವಾಸಿ" ಎನ್ನುವವರಿದ್ದಾರೆ. ತಪ್ಪು ಹಾಸಿಗೆಯದಲ್ಲ. ಪೂರ್ತಿ ಊದಿ ಮಲಗಿಕೊಂಡು, ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾ ಬರಬೇಕು. ಸೊಂಟ ಇನ್ನೇನು ನೆಲ ಮುಟ್ಟುತ್ತದೆ ಎನ್ನುವಾಗ ನಿಲ್ಲಿಸಬೇಕು.

ನಾಲ್ಕು ಸಾವಿರದಲ್ಲಿ ಮೂವರಿಗೆ

ಒಂದು ಉದಾಹರಣೆ ನೋಡೋಣ. ಗಂಡ, ಹೆಂಡತಿ, ಅರವತ್ತೆರಡರ ತಾಯಿ. ಮೂವರೂ ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯಬೇಕೆಂದಿದ್ದಾರೆ. ಕೊಟ್ಟಿಗೆಹಾರದ ಕಡೆ ಆ ದಿನಗಳಲ್ಲಿ ರಾತ್ರಿ ಚಳಿ, ಇಬ್ಬನಿ. ಹಾಸಿಗೆಗೆಂದು ಎತ್ತಿಟ್ಟ ಹಣ ನಾಲ್ಕು ಸಾವಿರ. ಮೂವರಿಗೂ ಸಮನಾಗಿರಲಿ ಎಂದು ಸಾವಿರದ ಮುನ್ನೂರರಂತೆ ಮೂರು ಅಗ್ಗದ ಗಾಳಿ ಹಾಸಿಗೆ ತಂದರೆ ಏನಾಗುತ್ತದೆ? ಮೂರೂ ಬರೀ ಗಾಳಿಯವು, ಮೂವರಿಗೂ ಬೆನ್ನು ತಣ್ಣಗಾಗುತ್ತದೆ. ಒಂದು ತೂತಾದರೆ ಒಬ್ಬರು ನೆಲದ ಮೇಲೆ.

ಅದರ ಬದಲು ಐನೂರರ ಆಸುಪಾಸಿನಲ್ಲಿ ಮೂವರಿಗೂ ಒಂದೊಂದು ಫೋಮ್ ಹಾಸು ತಂದರೆ ಒಂದೂವರೆ ಸಾವಿರ ಆಯಿತು. ಉಳಿದ ಎರಡೂವರೆ ಸಾವಿರಕ್ಕೆ ಗಟ್ಟಿ ಬಟ್ಟೆಯ ಒಂದೇ ಒಂದು ಗಾಳಿ ಪ್ಯಾಡ್. ಅದು ತಾಯಿಗೆ, ಆಕೆಯ ಫೋಮ್ ಹಾಸಿನ ಮೇಲೆ. ಆಕೆಗೆ ಬೆಚ್ಚಗೂ ಆಯಿತು, ಮೆತ್ತಗೂ ಆಯಿತು. ಪ್ಯಾಡ್ ತೂತಾದರೂ ಕೆಳಗೆ ಫೋಮ್ ಇದ್ದೇ ಇದೆ. ಮಗ, ಸೊಸೆ ಫೋಮಿನ ಮೇಲೆ ಮಲಗಿ ಬೆಳಿಗ್ಗೆ ಎದ್ದು ನಡೆಯಬಲ್ಲರು. ಎಲ್ಲರಿಗೂ ಒಂದೇ ಥರ ಕೊಳ್ಳುವುದು ನ್ಯಾಯದಂತೆ ಕಂಡರೂ ನೆಲ ಎಲ್ಲರ ಮೂಳೆಗೂ ಒಂದೇ ಥರ ಒತ್ತುವುದಿಲ್ಲ.

ಇನ್ನೂ ಕಡಿಮೆ ಹಣವಿದ್ದರೆ ಗಾಳಿ ಪ್ಯಾಡಿನ ಗಿಡ್ಡ ಅಳತೆ ಕೇಳಬೇಕು. ನಾಲ್ಕಡಿಯದು ತಲೆಯಿಂದ ಮೊಣಕಾಲವರೆಗೆ ಬರುತ್ತದೆ, ಕಾಲ ಕೆಳಗೆ ಬಟ್ಟೆಯ ಚೀಲ ಇಟ್ಟುಕೊಂಡರಾಯಿತು.

ಯುಗಾದಿಗೆ ಉತ್ತರ ಕರ್ನಾಟಕದಿಂದ ನಲ್ಲಮಲ ಕಾಡಿನ ದಾರಿಯಲ್ಲಿ ಶ್ರೀಶೈಲಕ್ಕೆ ನಡೆಯುವ ಮಲ್ಲಯ್ಯನ ಭಕ್ತರ ಲೆಕ್ಕವೇ ಬೇರೆ. ಆಗ ಉರಿಬಿಸಿಲು, ರಾತ್ರಿಯೂ ಸೆಕೆ. ಅವರು ಆರ್-ವ್ಯಾಲ್ಯೂಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಕಾಗಿಲ್ಲ, ಹಗುರವಾಗಿದ್ದರೆ ಸಾಕು. ನೈಲಾನ್ ಮೈಗೆ ಅಂಟುತ್ತದೆ, ಮೇಲೊಂದು ಹಳೆಯ ಪಂಚೆ ಹಾಸಿಕೊಳ್ಳಬೇಕು. ಕೇದಾರದಂಥ ಕಡೆ, ಅದು ಸುಮಾರು 3,583 ಮೀಟರ್ ಎತ್ತರದ ಜಾಗ, ತಂಗುವ ಮನೆಗಳಲ್ಲಿ ಹಾಸಿಗೆ ರಜಾಯಿ ಕೊಡುವುದರಿಂದ ಇಲ್ಲಿಂದ ಹೊತ್ತುಕೊಂಡು ಹೋಗುವ ಅಗತ್ಯ ಹೆಚ್ಚಿನವರಿಗಿಲ್ಲ. ಮಾಲೆ ಧರಿಸಿ ನೆಲದ ಮೇಲೆ ಚಾಪೆಯಲ್ಲೇ ಮಲಗುವ ವ್ರತ ಹಿಡಿದವರು ತಮ್ಮ ಗುರುಸ್ವಾಮಿಯನ್ನು ಕೇಳಿ ನಡೆದುಕೊಳ್ಳುವುದು ಸರಿ.

ಹೊರಡುವ ಮೊದಲು ಮನೆಯಲ್ಲೇ ಪರೀಕ್ಷೆ

ಹೊಸ ಪ್ಯಾಡನ್ನು ಪ್ಯಾಕಿನಲ್ಲೇ ಇಟ್ಟುಕೊಂಡು ಯಾತ್ರೆಗೆ ಹೊರಡುವುದು ಎಲ್ಲಕ್ಕಿಂತ ದೊಡ್ಡ ಅವಿವೇಕ. ತಂದ ದಿನವೇ ಊದಿ, ಅದರ ಮೇಲೆ ಒಂದು ರಾತ್ರಿ ಪೂರ್ತಿ ಮಲಗಬೇಕು. ಬೆಳಿಗ್ಗೆ ಸೊಂಟ ನೆಲ ಮುಟ್ಟಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ರಾತ್ರಿ ಚಳಿ ಹೆಚ್ಚಾದಾಗ ಒಳಗಿನ ಗಾಳಿ ಕುಗ್ಗಿ ಸ್ವಲ್ಪ ಮೆತ್ತಗಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದರೆ ವಾಪಸು ಕೊಡುವ ಗಡುವು ಮುಗಿಯುವುದರೊಳಗೆ ಈ ಪರೀಕ್ಷೆ ಮುಗಿದಿರಬೇಕು. ಯಾತ್ರೆಗೆ ಎರಡು ತಿಂಗಳ ಮುಂಚೆ ತಂದು ಅಟ್ಟದ ಮೇಲಿಟ್ಟು, ಹೊರಡುವ ಹಿಂದಿನ ದಿನ ಊದಿ ನೋಡಿದವರಿಗೆ ಅಂಗಡಿಯವನು ಏನೂ ಮಾಡಿಕೊಡುವುದಿಲ್ಲ.

ಸೋರುವ ಜಾಗ ಹುಡುಕುವುದು ಸೈಕಲ್ ಪಂಕ್ಚರ್ ಅಂಗಡಿಯ ಕ್ರಮದಲ್ಲೇ. ಗಟ್ಟಿಯಾಗಿ ಊದಿ, ಸೋಪಿನ ನೀರನ್ನು ಬಟ್ಟೆಯಲ್ಲಿ ಅದ್ದಿ ಸವರಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ. ಮೊದಲು ಗಾಳಿ ತುಂಬುವ ಬಾಯಿಯ ಸುತ್ತ ನೋಡಬೇಕು, ಅಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಗಾಳಿ ಹೋಗುತ್ತದೆ. ತೂತು ಸಿಕ್ಕರೆ ಪೆನ್ನಿನಲ್ಲಿ ಗುರುತು ಮಾಡಿ, ಗಾಳಿಯೆಲ್ಲ ಬಿಟ್ಟು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಪ್ಯಾಡಿನ ಜೊತೆ ಬಂದ ತೇಪೆ ಹಚ್ಚಿ, ಕೆಲವು ಗಂಟೆ ಭಾರ ಇಡಬೇಕು. ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ ರಬ್ಬರಿಗೆ ಸರಿ, ಈ ಲೇಪದ ಬಟ್ಟೆಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ತೇಪೆಯ ಪೊಟ್ಟಣ ಜೊತೆಗೆ ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳುವುದು, ಯಾತ್ರೆಯಲ್ಲಿ ಅದನ್ನು ಮರೆಯದೆ ಒಯ್ಯುವುದು.

ದಾರಿಯಲ್ಲಿ

ಪ್ಯಾಡನ್ನು ಬರಿನೆಲದ ಮೇಲೆ ಹಾಸಬಾರದು. ರಾಗಿ ಕೊಯ್ದ ಹೊಲದ ಕೂಳೆ ಸೂಜಿಯಂತಿರುತ್ತದೆ. ಜಾಗ ನೋಡಿ, ಕೈಯಾಡಿಸಿ, ಕಲ್ಲು ಮುಳ್ಳು ತೆಗೆದು, ಮೊದಲು ಹಳೆಯ ಫ್ಲೆಕ್ಸ್ ಬ್ಯಾನರಿನ ತುಂಡು ಹಾಸಬೇಕು. ಫ್ಲೆಕ್ಸ್ ಎಲ್ಲ ಊರಲ್ಲೂ ಬಿಟ್ಟಿ ಸಿಗುತ್ತದೆ, ತೇವವನ್ನೂ ತಡೆಯುತ್ತದೆ. ದೇವರ ಚಿತ್ರ ಇರುವುದನ್ನು ಮಾತ್ರ ತರಬಾರದು. ಅದರ ಮೇಲೆ ಫೋಮ್, ಅದರ ಮೇಲೆ ಗಾಳಿ ಪ್ಯಾಡ್.

ಪಾದಯಾತ್ರೆಯಲ್ಲಿ ಮುಳ್ಳಿನಷ್ಟೇ ಭಯ ಕಿಡಿಯದು. ಊದುಬತ್ತಿ, ಕರ್ಪೂರ, ಸೊಳ್ಳೆಬತ್ತಿ, ಪಕ್ಕದವರ ಬೀಡಿ, ಯಾವುದರ ಕಿಡಿ ಬಿದ್ದರೂ ನೈಲಾನ್ ಕರಗಿ ತೂತಾಗುತ್ತದೆ. ಭಜನೆ, ಮಂಗಳಾರತಿ ಎಲ್ಲ ಮುಗಿದ ಮೇಲೆ ಹಾಸಿಗೆ ಬಿಚ್ಚುವುದು ಒಳ್ಳೆಯದು. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಊದಿದ ಪ್ಯಾಡನ್ನು ಬಿಸಿಲಿನಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ, ಒಳಗೋಡೆಗಳ ಅಂಟು ಬಿಟ್ಟು ನಡುವೆ ಕುಂಬಳಕಾಯಿಯಂತೆ ಉಬ್ಬುತ್ತದೆ. ಅದಕ್ಕೆ ರಿಪೇರಿ ಇಲ್ಲ. ಇನ್ನು ಛತ್ರದ ಹಜಾರದಲ್ಲಿ ನೂರು ಜನರ ನಡುವೆ ಮಲಗುವಾಗ ಕೆಲವು ಪ್ಯಾಡುಗಳು ಮಗ್ಗುಲಾದಾಗಲೆಲ್ಲ ಚಿಪ್ಸ್ ಪೊಟ್ಟಣದಂತೆ ಸದ್ದು ಮಾಡುತ್ತವೆ. ಅಂಗಡಿಯಲ್ಲೇ ಒಮ್ಮೆ ಹೊರಳಿ ನೋಡಿ ತಂದರೆ ಪಕ್ಕದ ಭಕ್ತರ ಶಾಪ ತಪ್ಪುತ್ತದೆ.

ಕಾಡಿನ ದಾರಿಯಲ್ಲಿ, ಅದರಲ್ಲೂ ಹುಲಿ, ಆನೆ, ಚಿರತೆ ಓಡಾಡುವ ಮಾದಪ್ಪನ ಬೆಟ್ಟದ ಸುತ್ತಲಿನಂಥ ಕಾಡುಗಳಲ್ಲಿ, ಒಳ್ಳೆಯ ಹಾಸಿಗೆ ಇದೆ ಎಂಬ ಧೈರ್ಯದಿಂದ ಬಯಲಲ್ಲಿ ಮಲಗುವುದು ಬೇಡ. ಅರಣ್ಯ ಇಲಾಖೆ ತಂಗಲು ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಪ್ಯಾಡ್ ಬಿಚ್ಚಬಾರದು.

ಬಾಯಿಯಿಂದ ಊದಿದರೆ ಉಸಿರಿನ ತೇವ ಒಳಗೆ ಸೇರಿ ದಿನ ಕಳೆದಂತೆ ಬೂಷ್ಟು ಹಿಡಿಯುತ್ತದೆ. ದಿನವಿಡೀ ನಡೆದು ಸುಸ್ತಾದವರಿಗೆ ತಲೆಯೂ ಸುತ್ತುತ್ತದೆ. ಹಲವು ಪ್ಯಾಡುಗಳ ಜೊತೆ ಚೀಲದಂಥ ಪಂಪು ಬರುತ್ತದೆ. ಅದರ ಬಾಯಿ ಅಗಲಿಸಿ ಗಾಳಿ ಹಿಡಿದು, ಸುರುಳಿ ಸುತ್ತಿ ಒತ್ತಿದರೆ ಐದಾರು ಸಲಕ್ಕೆ ಹಾಸಿಗೆ ತುಂಬುತ್ತದೆ. ಮಕ್ಕಳಿಗೆ ಹೇಳಿದರೆ ಆಟದಂತೆ ಮಾಡಿಕೊಡುತ್ತವೆ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ, ಬಾಯಿ ತೆರೆದಿಟ್ಟು, ಬಿಗಿಯಾಗಿ ಮಡಿಸದೆ ಮಂಚದ ಕೆಳಗೆ ಹರಡಿ ಇಡಬೇಕು. ಮನೆಯಲ್ಲಿ ಇಲಿ ಇದ್ದರೆ ಬೀರುವಿನೊಳಗೆ.